ಮಿನ್ಕಾ ಅತ್ತೆ ತ್ರಿಗ್ಲವ್ ಹತ್ತಿದ ದಿನ

ಸ್ಲೊವೇನಿಯಾದಲ್ಲಿ ಹುಟ್ಟಿದವರು ಬದುಕಿನಲ್ಲಿ ಒಮ್ಮೆಯಾದರೂ ತ್ರಿಗ್ಲವ್ ಶಿಖರ ಹತ್ತಲೇಬೇಕು, ಹತ್ತದವರು ನಮ್ಮವರೇ ಅಲ್ಲ ಎಂದು ನಮ್ಮಲ್ಲಿ ಮಾತಿದೆ. ಆ ಮಾತಿನ ಪ್ರಕಾರ ಮಿನ್ಕಾ ಅತ್ತೆ ಅರವತ್ತೆಂಟನೆಯ ವಯಸ್ಸಿನವರೆಗೂ ನಮ್ಮವರಾಗಿರಲಿಲ್ಲ. ಶಿಖರದ ಬುಡದಲ್ಲಿರುವ ಚಾರಣಿಗರ ವಸತಿಮನೆಯಲ್ಲಿ ಇಪ್ಪತ್ತೇಳು ಬೇಸಿಗೆ ಅಡುಗೆ ಮಾಡಿದವರು ಅವರು. ಹತ್ತಲು ಹೊರಟವರಿಗೆ, ಹತ್ತಿ ಇಳಿದವರಿಗೆ, ಮಳೆಗೆ ಹೆದರಿ ಅರ್ಧಕ್ಕೇ ಮರಳಿದವರಿಗೆ, ಎಲ್ಲರಿಗೂ ಅವರ ಕೈಯ ಬಾರ್ಲಿ ಗಂಜಿಯೇ ಗತಿ. ಹುರುಳಿಕಾಯಿಯ ಬೀಜ, ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಕಿ ಗಟ್ಟಿಯಾಗಿ ಬೇಯಿಸಿದ ಆ ಗಂಜಿಗಾಗಿಯೇ ಗುಡ್ಡ ಹತ್ತುವವರಿದ್ದರು.

ನಾನು ವೀದಾ, ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಾರ್ಗದರ್ಶಿ. ಪ್ರತಿ ವರ್ಷವೂ ಕರೆಯುತ್ತಿದ್ದೆ. "ಎರಡೇ ತಾಸು ಅತ್ತೆ, ಹೋಗಿ ಬಂದುಬಿಡೋಣ." ಅವರದು ಒಂದೇ ಉತ್ತರ: "ನಾನು ಮೇಲೆ ಹೋದ್ರೆ ಕೆಳಗೆ ಇವರ ಹೊಟ್ಟೆ ನೋಡೋರ್ಯಾರು?"

ಸೆಪ್ಟೆಂಬರಿನ ಮೊದಲ ಶುಕ್ರವಾರ ಸಂಜೆ ಊಟದ ಕೋಣೆ ತುಂಬಿತ್ತು. ರಾಜಧಾನಿ ಲ್ಯುಬ್ಲಾನಾದಿಂದ ಬಂದ ಅಲ್ಯೋಷ ಎಂಬ ಯುವಕ ಎರಡನೆಯ ಬಟ್ಟಲು ಹಾಕಿಸಿಕೊಳ್ಳುತ್ತ ಕೇಳಿದ, "ಅಜ್ಜಿ, ನೀವು ಎಷ್ಟು ಸಲ ಮೇಲೆ ಹೋಗಿದ್ದೀರಿ?"

"ಒಂದು ಸಲಾನೂ ಇಲ್ಲ."

ಅವನು ಗಟ್ಟಿಯಾಗಿ ನಕ್ಕ. "ಬಾಗಿಲಲ್ಲೇ ಕೂತು ಒಳಗೆ ಹೋಗಿಲ್ವಾ! ಹಾಗಾದ್ರೆ ನೀವಿನ್ನೂ ನಮ್ಮವರಲ್ಲ ಬಿಡಿ."

ಮೇಜಿನ ಸುತ್ತ ಒಂದಿಬ್ಬರು ನಕ್ಕರು. ಮಿನ್ಕಾ ಅತ್ತೆ ಸೌಟು ತುಂಬ ಗಂಜಿ ಹಾಕಿ ಒಳಗೆ ಹೋದರು. ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮಾತು ನಾಟಿತ್ತು.

ಬೆಳಗ್ಗೆ ನಾನು ಹಗ್ಗ ಸುತ್ತುತ್ತಿದ್ದಾಗ ಅತ್ತೆ ಅಂಗಳಕ್ಕೆ ಬಂದರು. ಎದೆಯ ಮೇಲೆ ಸದಾ ಇರುತ್ತಿದ್ದ ಅಡುಗೆಯ ಬಟ್ಟೆ ಇರಲಿಲ್ಲ. ಅದನ್ನು ವಸತಿಮನೆಯ ಯಜಮಾನ ಯೆರ್ನೇಯ್‌ನ ಕೈಗೆ ತುರುಕಿದರು.

"ಇವತ್ತು ಬಾರ್ಲಿ ನೀನು ಬೇಯಿಸಪ್ಪ."

"ನಾನಾ? ಶನಿವಾರ, ಇನ್ನೂರು ಜನ ಬರ್ತಾರೆ!" ಎಂದ ಯೆರ್ನೇಯ್. ಆಮೇಲೆ ಅವರ ಮುಖ ನೋಡಿ ಬಟ್ಟೆ ಕಟ್ಟಿಕೊಂಡ. "ಸರಿ, ಹೋಗ್ಬನ್ನಿ. ತಳ ಹತ್ತಿದ್ರೆ ನನ್ನ ಬೈಬಾರದು ಅಷ್ಟೆ."

ಅತ್ತೆಯ ಸೊಂಟಕ್ಕೆ ಸುರಕ್ಷಾ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿ ಕರೆದುಕೊಂಡು ಹೊರಟೆ. ಮೊದಲ ಬಂಡೆಯಲ್ಲಿ ಅವರು ಕಬ್ಬಿಣದ ಗೂಟಗಳನ್ನು ಹಿಡಿದು ಹತ್ತಿದ ರೀತಿ ನೋಡಿ ನನಗೇ ಆಶ್ಚರ್ಯವಾಯಿತು. ಇಪ್ಪತ್ತೇಳು ವರ್ಷ ದೊಡ್ಡ ಹಂಡೆಗಳನ್ನು ಎತ್ತಿಳಿಸಿದ ತೋಳುಗಳು. ಉಸಿರೂ ಏರಲಿಲ್ಲ.

ಸಣ್ಣ ಶಿಖರ ದಾಟಿದ ಮೇಲೆ ಏಣಿನ ದಾರಿ ಶುರುವಾಗುತ್ತದೆ. ಎರಡೂ ಕಡೆ ಪ್ರಪಾತ, ನಡುವೆ ಎರಡು ಹೆಜ್ಜೆ ಅಗಲದ ಕಲ್ಲು, ಹಿಡಿಯಲು ಒಂದು ಉಕ್ಕಿನ ಹಗ್ಗ. ಅಲ್ಲಿ ಅತ್ತೆ ನಿಂತುಬಿಟ್ಟರು.

"ಸುಸ್ತಾಯ್ತಾ ಅತ್ತೆ?"

ಅವರು ಹಗ್ಗ ಬಿಡದೆ, ನನ್ನ ಕಡೆ ತಿರುಗದೆ ಹೇಳಿದರು. "ವೀದಾ, ಯಾರಿಗೂ ಹೇಳ್ಬೇಡ ಕಣೆ. ಇಷ್ಟು ವರ್ಷ ಒಲೆ, ಪಾತ್ರೆ ಅಂತ ನೆಪ ಹೇಳ್ದೆ. ಅದೆಲ್ಲ ಸುಳ್ಳು. ನಂಗೆ ಭಯ. ಮೊದಲನೇ ಬೇಸಿಗೇಲಿ ಒಬ್ಬಳೇ ಇಲ್ಲೀವರೆಗೂ ಬಂದಿದ್ದೆ. ಇಲ್ಲಿಂದಲೇ ವಾಪಸ್ ಹೋದೆ."

"ವಾಪಸ್ ಹೋಗೋಣ್ವಾ?" ಎಂದೆ.

"ಸ್ವಲ್ಪ ನಿಲ್ಲು. ಹೇಳ್ತೀನಿ."

ಅಷ್ಟರಲ್ಲಿ ಶಿಖರದಿಂದ ಇಳಿಯುವವರ ಸಾಲು ಎದುರಿಗೆ ಬಂತು. ಏಣಿನ ಮೇಲೆ ಯಾರು ಯಾರಿಗೆ ದಾರಿ ಬಿಡಬೇಕೆಂದು ದಿನವೂ ತಕರಾರು. ಸಾಲಿನ ಮುಂದಿದ್ದ ಬಿಳಿ ಗಡ್ಡದವನು ಅತ್ತೆಯನ್ನು ದಿಟ್ಟಿಸಿ ನೋಡಿ, ಹಿಂದಕ್ಕೆ ತಿರುಗಿ ಕೂಗಿದ: "ಏಯ್, ನಮ್ಮ ಮಿನ್ಕಾ ಕಣ್ರೋ! ಗಂಜಿ ಮಿನ್ಕಾ! ದಾರಿ ಬಿಡಿ!"

ಮಾತು ಬಾಯಿಂದ ಬಾಯಿಗೆ ಸಾಗಿತು. ಒಬ್ಬೊಬ್ಬರೇ ಉಕ್ಕಿನ ಹಗ್ಗ ಹಿಡಿದು ಅಂಚಿಗೆ ಸರಿದು ನಿಂತರು. ಮೂವತ್ತು ನಲವತ್ತು ಜನ ಇದ್ದರೇನೋ. ಹಿಂದೆ ಹತ್ತುತ್ತಿದ್ದವರೂ ನಿಂತರು. ಇಡೀ ಏಣು ಒಬ್ಬ ಅಡುಗೆಯವರಿಗಾಗಿ ಕಾದು ನಿಂತಿತು.

"ಇದೇನ್ರೋ ಮದುವೆ ದಿಬ್ಬಣಾನಾ, ಹೀಗೆ ನಿಂತಿದ್ದೀರಿ?" ಎಂದು ಅತ್ತೆ ಗದರಿದರು. ಆದರೆ ಕಾಲು ಎತ್ತಿಟ್ಟರು. ಒಂದು, ಇನ್ನೊಂದು. ನಾನು ಹಿಂದೆಯೇ ಹಗ್ಗ ಹಿಡಿದು ನಡೆದೆ. ದಾಟುವಾಗ ಒಬ್ಬೊಬ್ಬರೂ ಏನಾದರೊಂದು ಅಂದರು.

"ನಮ್ಮಪ್ಪನೂ ನಿಮ್ಮ ಗಂಜಿ ತಿಂದವನೇ ಅತ್ತೆ."

"ಆ ವರ್ಷ ಹಿಮ ಬಿದ್ದಾಗ ನನ್ನ ಕಾಲ್ಚೀಲ ಒಣಗಿಸಿ ಕೊಟ್ರಲ್ಲ, ನೆನಪಿದ್ಯಾ?"

"ಮಾತಾಡಿಸ್ಬೇಡ್ರಪ್ಪ, ಬಿದ್ಹೋಗ್ತೀನಿ!" ಎನ್ನುತ್ತಲೇ ಅತ್ತೆ ಕೊನೆಯ ಮೆಟ್ಟಿಲು ಹತ್ತಿದರು.

ಮೇಲೆ ಪುಟ್ಟ ತಗಡಿನ ಗೋಪುರದ ಬಳಿ ಅಲ್ಯೋಷ ಕೂತಿದ್ದ. ಅತ್ತೆಯನ್ನು ಕಂಡು ಧಡಕ್ಕನೆ ಎದ್ದು ಹೆಲ್ಮೆಟ್ ತೆಗೆದ. "ಅಜ್ಜಿ, ನಿನ್ನೆ ನಾನು ಹಾಗೆ..."

"ನಿನ್ನೆ ನೀನು ಹೇಳಿದ್ದು ಸುಳ್ಳೇನಲ್ಲ ಬಿಡು. ಇವತ್ತು ಹೇಳು ನೋಡೋಣ."

ಸುತ್ತ ಇದ್ದವರೆಲ್ಲ ಘೊಳ್ಳೆಂದು ನಕ್ಕರು, ಅವನೂ ನಕ್ಕ.

ಮೊದಲ ಸಲ ಬಂದವರಿಗೆ ಹಗ್ಗದಿಂದ ಬೆನ್ನ ಕೆಳಗೆ ಮೂರೇಟು ಕೊಡುವುದು ನಮ್ಮ ಪದ್ಧತಿ. ಸಾವಿರಾರು ಜನರಿಗೆ ಕೊಟ್ಟ ನನ್ನ ಕೈ ಅಂದು ಏಳಲಿಲ್ಲ. ಅತ್ತೆ ಆಗಲೇ ಗೋಪುರ ಹಿಡಿದು ಬಾಗಿದ್ದರು.

"ಮೆತ್ತಗೆ ಹೊಡೆದ್ಯೋ, ನಾಳೆಯಿಂದ ನಿಂಗೆ ಊಟ ಇಲ್ಲ."

ಹೊಡೆದೆ, ಎಲ್ಲರಿಗೆ ಹೊಡೆಯುವಷ್ಟೇ ಜೋರಾಗಿ. ಜನ ಎಣಿಸಿದರು. ಮೂರನೆಯದಕ್ಕೆ ಚಪ್ಪಾಳೆ ಬಿತ್ತು. ಅತ್ತೆ ನೆಟ್ಟಗೆ ನಿಂತಾಗ ಕೆನ್ನೆ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು. ಅಂದು ಮೋಡವೇ ಇರಲಿಲ್ಲ. ದಕ್ಷಿಣದ ತುದಿಯಲ್ಲಿ ಕಡಲಿನ ಬೆಳ್ಳಿಗೆರೆಯೂ ಕಾಣುತ್ತಿತ್ತು. ಅವರು ತುಂಬ ಹೊತ್ತು ಸುತ್ತ ತಿರುಗಿ ತಿರುಗಿ ನೋಡಿದರು.

ಶಿಖರದ ಪುಸ್ತಕವನ್ನು ಮುಂದಿಟ್ಟೆ. ಹೆಸರು ಬರೆದರು. ಎಲ್ಲಿಂದ ಬಂದಿರಿ ಎಂಬ ಜಾಗದಲ್ಲಿ ಜನ ಊರಿನ ಹೆಸರು ಹಾಕುತ್ತಾರೆ. ಅತ್ತೆ ಸ್ವಲ್ಪ ಯೋಚಿಸಿ, ದಪ್ಪ ಅಕ್ಷರಗಳಲ್ಲಿ "ಅಡುಗೆಮನೆಯಿಂದ" ಎಂದು ಬರೆದರು.

ಇಳಿಯುವಾಗ ನನ್ನನ್ನು ಮುಂದೆ ಹೋಗಲು ಬಿಡಲೇ ಇಲ್ಲ. ಏಣಿನ ಮೇಲೆ ಏದುಸಿರು ಬಿಡುತ್ತ ಹತ್ತುತ್ತಿದ್ದ ಇಬ್ಬರು ಹುಡುಗಿಯರನ್ನು ಕಂಡು, ನೂರು ಸಲ ಹತ್ತಿಳಿದವರ ಗತ್ತಿನಲ್ಲಿ ಹೇಳಿದರು, "ಹೆದರ್ಬೇಡ್ರಮ್ಮ, ಇನ್ನು ಹತ್ತೇ ನಿಮಿಷ. ದಾರಿ ನಂಗೆ ಚೆನ್ನಾಗಿ ಗೊತ್ತು."