ಹಸಿರು ಆಸ್ಟಿನ್

"ಈ ಮನೇಲಿ ಐಕ್ಳೇ ಇಲ್ಲ ಅಂದ್ರಲ್ಲವ್ವ, ಇವು ಯಾರ್ವು?"

ಚಾಮರಾಜನಗರದ ಈ ಗಂಡಿನ ಮನೆ ನೋಡಲು ಗುಂಡ್ಲುಪೇಟೆಯಿಂದ ಬಂದಿದ್ದ ಚಿಕ್ಕಮಲ್ಲಮ್ಮ ಒಳಕೋಣೆಯ ಬೀರುವಿನ ಮುಂದೆ ನಿಂತಿದ್ದಳು. ಅವಳು ಹೆಣ್ಣಿನ ಸೋದರತ್ತೆ. ಬಾವಿ, ಅಡಿಗೆಮನೆ, ಕೊಟ್ಟಿಗೆ ಎಲ್ಲ ಇಣುಕಿ ಆಗಿತ್ತು. ಹೆಣ್ಣಿನ ಕಡೆಯವರು ಬಾಗಿಲು ತೆಗೆದರೆ ಬೇಡ ಎನ್ನಲಾದೀತೇ? ಬೀರುವಿನ ಹಲಗೆಗಳ ತುಂಬ ಬೆರಳುದ್ದದ ಆಟಿಕೆ ಕಾರುಗಳು. ಮಾರಿಸ್, ಫೋರ್ಡ್, ಒಂದು ಹಾಲಿನ ವ್ಯಾನು. ಅವಳ ಕೈಯಲ್ಲಿದ್ದದ್ದು ಹಸಿರು ಆಸ್ಟಿನ್.

ಗಂಡಿನ ತಾಯಿ ಶಿವರುದ್ರಮ್ಮ ಬೀರುವಿನ ಬಾಗಿಲು ಮುಚ್ಚಲು ಹೋದಳು. ಅರಿಶಿನದ ಮಂಡಿ ನಡೆಸುವ ಮಗನಿಗೆ ಇಂಥ ಹುಚ್ಚೆಂದು ಊರಿಗೆ ಗೊತ್ತಾಗದಂತೆ ಎಷ್ಟು ಜೋಪಾನ ಮಾಡಿದ್ದಳೋ. ಬೀಗ ಹಾಕೋ ಅಂದರೆ ಕೇಳಿದನೇ ಮಹಾರಾಯ? ಆಗಲೇ ಎರಡು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೆ ಇನ್ಯಾರು ಹೆಣ್ಣು ಕೊಟ್ಟಾರು?

"ಮೊದಲ್ನೇ ಹೆಂಡ್ತಿ, ಮಗು ಅಂತ ಏನಾರ ಇದ್ರೆ ಈಗ್ಲೇ ಯೋಳ್ಬುಡಿ," ಎಂದಳು ಚಿಕ್ಕಮಲ್ಲಮ್ಮ. ನಡುಮನೆಯಲ್ಲಿ ಹೆಣ್ಣಿನ ತಂದೆ ಪುಟ್ಟಬಸಪ್ಪ ಕುರ್ಚಿ ಸರಿಸಿ ಎದ್ದ ಸದ್ದಾಯಿತು.

ಮಗ ನೀಲಕಂಠಸ್ವಾಮಿ ಬಾಗಿಲಿಗೆ ಬಂದ. "ನನ್ನವೇ ಕಣವ್ವ. ಊಟೀಲಿ ಬಿಳಿ ದೊರೆಗಳ ಅಂಗಡಿಯಿಂದ ಬಸ್ಸಿನೋರ ಕೈಲಿ ತರಿಸ್ತೀನಿ. ನಂಗಿಷ್ಟ."

"ಮೂವತ್ತು ವರ್ಸದ ಗಂಡಸಿಗಾ? ನಂಬೋ ಹಂಗೆ ಯೋಳಪ್ಪ."

"ಐಕ್ಳು ಆಡಿದ್ರೆ ಹಿಂಗಿರ್ತವಾ? ನೀವೇ ನೋಡಿ, ಎಲ್ಲಾರ ಒಂದು ಗೀರು ಅದಾ?"

ಚಿಕ್ಕಮಲ್ಲಮ್ಮನದು ಮನೆತುಂಬ ಮಕ್ಕಳನ್ನು ಸಾಕಿದ ಕೈ. ಚಕ್ರ ತಿರುಗಿಸಿದಳು, ಬಣ್ಣದ ಮೇಲೆ ಉಗುರಾಡಿಸಿದಳು. ಹಲ್ಲಿನ ಗುರುತಿಲ್ಲ, ಮಣ್ಣಿಲ್ಲ. "ದಿಟವೇ. ಐಕ್ಳ ಕೈಗೆ ಸಿಕ್ಕಿಲ್ಲ."

ಸದ್ಯ, ಬದುಕಿದೆ ಎಂದುಕೊಂಡು ಶಿವರುದ್ರಮ್ಮ ಓಡಿಹೋಗಿ ತಾಂಬೂಲದ ತಟ್ಟೆ ತಂದಳು. ಅದನ್ನು ತೆಗೆದುಕೊಂಡರೆ ಸಂಬಂಧ ಒಪ್ಪಿದಂತೆ. ಚಿಕ್ಕಮಲ್ಲಮ್ಮ ಕೈ ಚಾಚಲಿಲ್ಲ.

"ನಾಳೀಕೆ ನಮ್ಮುಡುಗಿ ಹೆತ್ತ ಐಕ್ಳು ಇವನ್ನ ಮುಟ್ಬೋದಾ?"

ಅಷ್ಟು ಸುಲಭದ ಮಾತಿಗೆ ಅವನೇಕೆ ಅಷ್ಟು ತಡಮಾಡಬೇಕು? ತಾಯಿ ಕಣ್ಣಿನಲ್ಲೇ ಬೇಡಿಕೊಂಡಳು.

"ಮುಟ್ಲಿ ಬುಡಿ," ಎಂದ.

"ಸರಿ ಹಂಗಾರೆ." ಚಿಕ್ಕಮಲ್ಲಮ್ಮ ಬಗ್ಗಿ, ಆಸ್ಟಿನ್ನನ್ನು ಕಲ್ಲಿನ ನೆಲದ ಮೇಲಿಟ್ಟು, ಮಕ್ಕಳು ದೂಡುವ ಹಾಗೆ ಗೋಡೆಯತ್ತ ಜೋರಾಗಿ ದೂಡಿದಳು.

ನೀಲಕಂಠಸ್ವಾಮಿ ಧಡಕ್ಕನೆ ಮೊಣಕಾಲೂರಿ, ಗೋಡೆಗೆ ತಾಗುವ ಮೊದಲೇ ಅದನ್ನು ಹಿಡಿದ. ಅವನ ಭುಜ ಬಡಿದು ತಾಯಿಯ ಕೈಯಲ್ಲಿದ್ದ ತಟ್ಟೆಯಿಂದ ಅಡಿಕೆ ಚೆಲ್ಲಿತು. ಅವನು ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ಹೋಗಿದೆಯೇ ಎಂದು ಸುತ್ತಲೂ ತಿರುಗಿಸಿ ನೋಡಿದ. ಹೋಗಿರಲಿಲ್ಲ. ಆಮೇಲೆ ತಲೆ ಎತ್ತಿದ.

ಚಿಕ್ಕಮಲ್ಲಮ್ಮ ಆಗಲೇ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.