ಬೆರಳಿಟ್ಟು ಓದಿದ ಪಾಠ

ಸುಲ್ತಾನ್ ಬಜಾರಿನ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಎರಡನೇ ತರಗತಿಗೆ ಕಲಿಸುತ್ತಿದ್ದ ಯಮುನಾಬಾಯಿಗೆ ಇನ್‌ಸ್ಪೆಕ್ಷನ್ ಎಂದರೆ ಅಂಥ ಹೆದರಿಕೆಯೇನೂ ಇರಲಿಲ್ಲ. ಊರು ತೆಲುಗರದು, ಬರುವ ಸಾಹೇಬರೂ ತೆಲುಗಿನವರು, ಕನ್ನಡ ಪುಸ್ತಕ ಅವರಿಗೆ ಅರ್ಧಂಬರ್ಧ. ಹಾಗಾಗಿ ಅವರು ನೋಡುತ್ತಿದ್ದದ್ದು ಮಗುವಿನ ಬೆರಳನ್ನು. ಬೆರಳು ಸಾಲಿನ ಕೆಳಗೆ ಸರಿಯುತ್ತಿರಬೇಕು, ಬಾಯಿ ತಡವರಿಸಬಾರದು. ಅಷ್ಟಾದರೆ ಟೀಚರು ಪಾಸು.

ಈ ಸಲ ಓದಲು ನಿಲ್ಲಿಸಬೇಕೆಂದು ಯಮುನಾಬಾಯಿ ಆರಿಸಿದ್ದು ಏಳು ವರ್ಷದ ವಿಶಾಲಾಕ್ಷಿಯನ್ನು. ಹುಡುಗಿಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ, ಆದರೆ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಯಮುನಾಬಾಯಿ ಎಂಟು ದಿನ ಒಂದೇ ಪಾಠ ಉರು ಹೊಡೆಸಿದರು. ಬೆರಳು ಎಲ್ಲಿ ಸರಿಸಬೇಕು, ಪುಟ ಎಲ್ಲಿ ತಿರುವಬೇಕು ಎನ್ನುವುದನ್ನೂ ಕಲಿಸಿದರು. "ಯಾರ ಮುಂದೂ ಹೇಳಬ್ಯಾಡವಾ" ಅಂದರು. ಇಷ್ಟೇ ಹೊತ್ತು ಕೂತು ಅಕ್ಷರ ಕಲಿಸಬಹುದಿತ್ತಲ್ಲ ಎಂದು ಆಗಲೇ ಮನಸ್ಸು ಚುಚ್ಚಿತ್ತು. ಅದನ್ನು ಬದಿಗೆ ತಳ್ಳಿದರು. ಇನ್‌ಸ್ಪೆಕ್ಷನ್ ದಿನ ಸಾಹೇಬರು ಹುಡುಗಿಯ ಬೆನ್ನು ತಟ್ಟಿದರು. ತಾಯಿ ಬಸಲಿಂಗಮ್ಮನಿಗೆ ಓದು ಬರದು. ಮಗಳು ಓದಿದಳೆಂದು ಮರುದಿನ ಶಾಲೆಗೆಲ್ಲ ಪೇಢೆ ಹಂಚಿದಳು. ಯಮುನಾಬಾಯಿಯೂ ಒಂದು ತಿಂದರು.

ತಿಂಗಳಾಗಿರಲಿಲ್ಲ, ಬಸಲಿಂಗಮ್ಮ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ನೋಡ್ರಿ ಅಕ್ಕೋರ, ರಾಯಚೂರಿಂದ ನಮ್ಮವ್ವ ಕಾಗದ ಬರೆಸಿದ್ಲು. ಮನಿಯವ್ರು ಊರಾಗ ಇರಲಿಲ್ಲ, ಈಕಿ ಕೈಯಾಗ ಕೊಟ್ಟೆ. ಎಲ್ಲಾರೂ ಆರಾಮ ಅದಾರಂತ, ಹಬ್ಬಕ್ಕ ಬರ್ರಿ ಅಂತ ಬರೆದಾರ ಅಂದ್ಲು. ಮನಿಯವ್ರು ಬಂದು ಓದಿದ ಮ್ಯಾಲ ಗೊತ್ತಾತು, ಕಣ್ಣಿನ ಆಪರೇಷನ್ನಿಗೆ ಗುರುವಾರ ಬರ್ತೀನಿ, ಬೇಗಂಪೇಟಿ ಸ್ಟೇಷನ್ನಿಗೆ ಬಾ ಅಂತ ಇತ್ತು! ಕಣ್ಣು ಮಂಜಾದ ಮುದುಕಿ, ಬೆಳಗಿನಿಂದ ದೀಪ ಹಚ್ಚೋತನಕ ಒಬ್ಬಾಕೇ ಅಲ್ಲಿ ಕುಂತಿದ್ಲು. ಕಡೀಕ ಯಾರೋ ಪುಣ್ಯಾತ್ಮ ಮನಿ ಮುಟ್ಟಿಸಿದ. ಓದಾಕ ಬರ್ತಿದ್ರೂ ಈಕಿ ಬೇಕಂತ ಸುಳ್ಳು ಹೇಳ್ಯಾಳ. ಅಜ್ಜಿ ಬಂದ್ರ ತನ್ನ ಹಾಸಿಗಿ ಬಿಟ್ಟುಕೊಡಬೇಕಲ್ಲ! ನಾ ಹೊಡೆದೀನಿ, ನೀವೂ ನಾಕು ಹಾಕ್ರಿ."

ಹುಡುಗಿಯ ಕೆನ್ನೆ ಬಾತಿತ್ತು. ಹೇಳಬೇಡ ಅಂದದ್ದನ್ನು ಅವಳು ಪೆಟ್ಟು ತಿಂದೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ನಗುತ್ತಿದ್ದ ಯಮುನಾಬಾಯಿ ಈಗ ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡರು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗು ಸುಳ್ಳಿ ಅನ್ನಿಸಿಕೊಳ್ಳುತ್ತದೆ, ಅಷ್ಟೇ. ಹಾಗೆ ಯೋಚಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

"ಆಕಿ ಬೇಕಂತ ಹೇಳಿಲ್ಲ ಬಸಲಿಂಗಮ್ಮ. ಆಕಿಗೆ ಓದಲಿಕ್ಕೇ ಬರೂದಿಲ್ಲ. ಸಾಹೇಬರ ಮುಂದ ಓದಿದ್ದು ಬಾಯಿಪಾಠ. ನಾನೇ ಮಾಡಿಸಿದ್ದು."

ಬಸಲಿಂಗಮ್ಮನ ಕೈ ಮಗಳ ರಟ್ಟೆಯಿಂದ ಜಾರಿತು. ಆ ಕೆನ್ನೆಯನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು.

"ನನಗಂತೂ ಅಕ್ಷರ ಇಲ್ಲ, ನಿಮ್ಮನ್ನ ನಂಬಿದ್ನಲ್ರೀ! ನನ್ನ ಕೈಲೇ ಕೂಸಿಗೆ ಹೊಡೆಸಿದ್ರಲ್ಲ!"

ಇನ್ನೂ ಅನ್ನಲಿ, ಬಾಯಿಗೆ ಬಂದದ್ದೆಲ್ಲ ಅನ್ನಲಿ ಎಂದು ಯಮುನಾಬಾಯಿ ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ವಿಶಾಲಾಕ್ಷಿ ಇಬ್ಬರ ನಡುವೆ ಬಂದು ತಾಯಿಯ ಸೀರೆ ಹಿಡಿದಳು.

"ಅಕ್ಕೋರಿಗೆ ಬೈಬ್ಯಾಡವ್ವ. ನಾ ದಡ್ಡಿ ಅದೀನಿ, ಅದಕ್ಕ ಅವರು ಹಂಗ ಮಾಡ್ಯಾರ."