ರಾಯ್ಸ್ ಟ್ಯಾಲಿಯ ಮಚ್ಚೆ

ಅರ್ಲೀನ್ ಕರವಸ್ತ್ರದ ತುದಿಗೆ ಎಂಜಲು ಹಚ್ಚಿ ಗಂಡನ ಎಡಗೆನ್ನೆಯನ್ನು ಉಜ್ಜಿದಳು. ಮಚ್ಚೆ ಜಪ್ಪಯ್ಯ ಅನ್ನಲಿಲ್ಲ.

"ಎಂಜಲಿಗೆಲ್ಲ ಹೋಗಲ್ಲಮ್ಮ ಅದು," ಎಂದ ಪ್ರೂಯಿಟ್. ಶವಕ್ಕೆ ಅಲಂಕಾರ ಮಾಡಿದವನು ಅವನೇ.

"ಮಚ್ಚೆ ಇಡಿ ಅಂತ ಯಾರು ಹೇಳಿದ್ರು ನಿಮಗೆ?"

"ನೀವು ಫೋಟೋನೇ ಕೊಡ್ಲಿಲ್ಲ. ಹಾಡಿನ ರೆಕಾರ್ಡಿನ ಕವರ್ ನೋಡ್ಕೊಂಡು ಮಾಡ್ದೆ."

"ಯಾರ ರೆಕಾರ್ಡು?"

"ರಾಯ್ಸ್ ಟ್ಯಾಲಿದು."

"ರಾಯ್ಸ್ ಟ್ಯಾಲಿ ನ್ಯಾಶ್ವಿಲ್‌ನಲ್ಲಿ ಗುಂಡುಕಲ್ಲಿನ ಹಾಗಿದ್ದಾನೆ. ಇಲ್ಲಿ ಮಲಗಿರೋನು ಡೆಲ್ಬರ್ಟ್ ಸ್ಟೋಕ್ಸ್. ನನ್ನ ಗಂಡ."

ಬ್ರ್ಯಾನ್ಸನ್ ಊರಿನ ನಾಟಕಮಂದಿರದಲ್ಲಿ ಇಪ್ಪತ್ತೆರಡು ವರ್ಷ ಡೆಲ್ಬರ್ಟ್, ಹೆಸರಾಂತ ಗಾಯಕ ರಾಯ್ಸ್ ಟ್ಯಾಲಿಯಂತೆ ವೇಷ ಹಾಕಿ, ಅವನಂತೆಯೇ ಮೂಗಿನಲ್ಲಿ ಹಾಡಿದ್ದ. ಕಟುಕನ ಅಂಗಡಿಯಲ್ಲೂ ಅವನು ರಾಯ್ಸ್. ಇಗರ್ಜಿಯಲ್ಲಿ ಪಾದ್ರಿಯೇ ಎರಡು ಸಲ ಹಾಗೆ ಕರೆದಿದ್ದರು. ಮಣ್ಣಿಗಾದರೂ ಅವನು ಡೆಲ್ಬರ್ಟ್ ಆಗಿಯೇ ಹೋಗಲಿ ಎಂಬುದು ಅರ್ಲೀನಳ ಹಟ. ಹೊಳೆಯುವ ಹರಳಿನ ಬಿಳಿ ಸೂಟನ್ನು ಮನೆಯಲ್ಲೇ ಬಿಟ್ಟು ಕಂದು ಕೋಟು ತೊಡಿಸಿದ್ದಳು. ಹೊರಗೆ ಆಗಲೇ ಅಭಿಮಾನಿಗಳ ಎರಡು ಪ್ರವಾಸಿ ಬಸ್ಸುಗಳು ಬಂದು ನಿಂತಿದ್ದವು.

ಬಾಗಿಲು ತಳ್ಳಿಕೊಂಡು ಹಾಯ್ಟ್ ಬಂದ. ಅವನೂ ಅದೇ ಮಂದಿರದಲ್ಲಿ ಇನ್ನೊಬ್ಬ ಗಾಯಕನ ನಕಲು; ತಲೆಯ ಮೇಲೆ ಕೃತಕ ಕೂದಲು, ಮೈಮೇಲೆ ಜಾಲರಿ ಕಟ್ಟಿದ ಅಂಗಿ.

"ಇದೇನೋ ಈ ವೇಷ? ಸಾವಿನ ಮನೆಗೆ?"

"ಎರಡು ಗಂಟೆಗೆ ಷೋ ಇದೆ ಕಣೆ. ಅವನೇ ಆಗಿದ್ರೂ ಹೀಗೇ ಬರ್ತಿದ್ದ." ಹಾಯ್ಟ್ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದವನು ಹೌಹಾರಿದ. "ಅಯ್ಯೋ! ಇವನು ನಮ್ಮ ರಾಯ್ಸ್ ಅಲ್ಲ!"

"ಕೇಳಿಸ್ತಾ?" ಅರ್ಲೀನ್ ಪ್ರೂಯಿಟ್‌ನತ್ತ ತಿರುಗಿದಳು. "ಇವನೂ ಅದನ್ನೇ ಹೇಳ್ತಿದಾನೆ."

"ಮಚ್ಚೆ ಎಡಗಡೆ ಇಟ್ಟಿದ್ದೀರಲ್ರೀ! ಬಲಗಡೆ ಇರ್ಬೇಕು!" ಎಂದ ಹಾಯ್ಟ್.

ಪ್ರೂಯಿಟ್ ರೆಕಾರ್ಡಿನ ಕವರನ್ನು ಎತ್ತಿ ಹಿಡಿದ. "ನೋಡಿ ಸ್ವಾಮಿ. ಅಸಲಿ ರಾಯ್ಸ್‌ಗೆ ಎಡಗಡೆನೇ ಇರೋದು."

"ಅಸಲಿ ಕಟ್ಕೊಂಡು ನನಗೇನಾಗ್ಬೇಕು?"

*

ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ಷೋ ದಿನ, ಡೆಲ್ಬರ್ಟ್ ಕನ್ನಡಿಯ ಪಕ್ಕ ರಾಯ್ಸ್‌ನ ಭಿತ್ತಿಚಿತ್ರ ಅಂಟಿಸಿಕೊಂಡು, ಅದರಲ್ಲಿ ಮಚ್ಚೆ ಕಂಡ ಕಡೆಗೇ ಕನ್ನಡಿಯಲ್ಲೂ ಬರುವಂತೆ ಹುಬ್ಬು ತಿದ್ದುವ ಪೆನ್ಸಿಲ್ಲಿನಿಂದ ಇಟ್ಟುಕೊಂಡ. ಹಾಡು ಮುಗಿಸಿ ಬಂದಾಗ ಅರ್ಲೀನ್ ನೋಡಿ ಬಿದ್ದೂ ಬಿದ್ದೂ ನಕ್ಕಳು.

"ಬಲಗೆನ್ನೆಗೆ ಇಟ್ಕೊಂಡಿದ್ದೀಯಲ್ಲೋ, ಪೆದ್ದ!"

"ನಾಳೆ ಸರಿ ಮಾಡ್ಕೋತೀನಿ ಬಿಡು."

ಮರುದಿನ ಸರಿ ಮಾಡಿಕೊಂಡ. ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು ಕೂಗಿದಳು: "ಇವನು ನಕಲಿ! ನಿನ್ನೆಯವನನ್ನ ಕರೀರಿ!"

ಆಮೇಲೆ ಅವನು ಅದನ್ನು ಬಲಗೆನ್ನೆಯಿಂದ ಕದಲಿಸಲಿಲ್ಲ. ಒರೆಸಿಕೊಳ್ಳಲು ಮರೆತು ಮಲಗಿದ ದಿನಗಳೇ ಹೆಚ್ಚು. ದಿಂಬಿನ ಚೀಲಗಳ ಕಲೆ ಉಜ್ಜಿ ಉಜ್ಜಿ ಅರ್ಲೀನಳ ಬೆರಳು ಸವೆದವು.

*

ಪ್ರೂಯಿಟ್ ಯಾವುದೋ ದ್ರಾವಣ ತಂದು ಎಡಗೆನ್ನೆಯ ಮಚ್ಚೆಯನ್ನು ಒರೆಸಿದ. ತಿದ್ದಿದ ಹುಬ್ಬೂ ಹೋಯಿತು. ಹಾಯ್ಟ್ ಬಹಳ ಹೊತ್ತು ನೋಡುತ್ತ ನಿಂತ.

"ಹೀಗಿದ್ನಾ ಇವನು?" ಎಂದ ಮೆಲ್ಲಗೆ. "ಬಸ್ಸಲ್ಲಿ ಪಕ್ಕ ಕೂತಿದ್ರೂ ಗುರುತು ಸಿಗ್ತಿರ್ಲಿಲ್ಲ ಕಣೆ."

ಅರ್ಲೀನಳಿಗೆ ಇದೇ ಬೇಕಿತ್ತು. ಆದರೂ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಈ ಕಡೆಯಿಂದಲೂ ಆ ಕಡೆಯಿಂದಲೂ ಬಗ್ಗಿ ನೋಡಿದಳು. ಯಾರದೋ ಮನೆಯ ಯಜಮಾನನಂತೆ ಕಂಡ.

"ಬಾಗಿಲು ತೆಗೀಲಾ?" ಎಂದ ಪ್ರೂಯಿಟ್.

"ತಡೀರಿ." ಅವಳು ಹಾಯ್ಟ್‌ನತ್ತ ಕೈಚಾಚಿದಳು. "ಹುಬ್ಬಿನ ಪೆನ್ಸಿಲ್ ಇದೆಯೇನೋ?"

"ಇದೆ. ರಾಯ್ಸ್ ಮಾಡ್ತೀಯಾ?"

"ಬಾಯ್ಮುಚ್ಚು. ಡೆಲ್ಬರ್ಟ್‌ನ ಮಾಡ್ತಿದೀನಿ."

ಬಲಗೆನ್ನೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಅದು ಸ್ವಲ್ಪ ದೊಡ್ಡದಾಯಿತು. ಹೆಬ್ಬೆರಳಿನಿಂದ ಅಂಚನ್ನು ತೀಡಿ, ಉಫ್ ಎಂದು ಊದಿದಳು.

ಬಾಗಿಲು ತೆರೆಯಿತು. ಬಸ್ಸಿನವರು ಒಬ್ಬೊಬ್ಬರಾಗಿ ಬಂದು, ಅವಳ ಕೈಕುಲುಕಿ, ಕೈಮೇಲೆ ಅವಳ ಹೆಬ್ಬೆರಳಿನ ಒಂದೊಂದು ಕರಿ ಕಲೆ ಹೊತ್ತು ಮುಂದೆ ಹೋದರು.